ಕ್ಯೂ ಸ್ಕೂಲ್‌ಗೆ ನಾನು ತಯಾರಾಗಿದ್ದು ಹೀಗೆ

ಸೆಂಚುರಿ ಬ್ರೇಕ್ (ಒಂದೇ ಸರದಿಯಲ್ಲಿ ನೂರು ಅಥವಾ ಹೆಚ್ಚು ಅಂಕ) ಹೊಡೆಯೋಕೆ ಬಂದರೆ ಸಾಕು, ಪ್ರೊಫೆಷನಲ್ ಸ್ನೂಕರ್ ಟೂರ್‌ಗೆ ಹೋಗಬಹುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಆ ಟೂರ್‌ಗೆ ಆಯ್ಕೆ ನಡೆಯುವ ಕ್ಯೂ ಸ್ಕೂಲ್‌ನಲ್ಲಿ ನಾನು ಆಡಿದ, ನೋಡಿದ ಫ್ರೇಮ್‌ಗಳಲ್ಲಿ (ಒಂದು ಮ್ಯಾಚ್‌ನ ಒಂದೊಂದು ಆಟ) ಹೆಚ್ಚಿನವು ಮುಗಿದಿದ್ದು 30, 40ರ ಬ್ರೇಕ್‌ಗಳಲ್ಲಿ. ಉಳಿದಿದ್ದೆಲ್ಲಾ ಸೇಫ್ಟಿ, ಅಂದರೆ ಎದುರಾಳಿಗೆ ಸುಲಭದ ಹೊಡೆತ ಸಿಗದಂತೆ ಆಡುವುದು, ಮತ್ತೆ ಸೇಫ್ಟಿ, ಎದುರಾಳಿಗೆ ಬೇಜಾರಾಗುವವರೆಗೆ ಸೇಫ್ಟಿ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕ್ಯೂ ಸ್ಕೂಲ್ 2011ರಲ್ಲಿ ಶುರುವಾದ ಅರ್ಹತಾ ಟೂರ್ನಿ. ಪ್ರವೇಶ ಶುಲ್ಕವೇ ಸುಮಾರು ಸಾವಿರ ಪೌಂಡ್, ಬಹುಮಾನದ ಹಣ ಅಂತ ಏನೂ ಇಲ್ಲ. ಇಂಗ್ಲೆಂಡಿನಲ್ಲಿ ಬೆನ್ನುಬೆನ್ನಿಗೆ ಎರಡು ಮೂರು ಟೂರ್ನಿ ನಡೆಸುತ್ತಾರೆ. ಮ್ಯಾಚ್ ಏಳು ಫ್ರೇಮ್‌ಗಳದ್ದು, ಮೊದಲು ನಾಲ್ಕು ಗೆದ್ದವರು ಮುಂದೆ. ಒಂದೊಂದು ಟೂರ್ನಿಯಲ್ಲೂ ನಾಲ್ಕು ಜನ ಉಳಿದ ತಕ್ಷಣ ಆಟ ನಿಂತುಬಿಡುತ್ತದೆ. ಸೆಮಿಫೈನಲ್ ಇಲ್ಲ, ಫೈನಲ್ ಇಲ್ಲ, ಕಪ್ಪೂ ಇಲ್ಲ. ಆ ನಾಲ್ವರಿಗೆ ಎರಡು ವರ್ಷದ ಟೂರ್ ಕಾರ್ಡ್, ಅಂದರೆ ಪ್ರೊಫೆಷನಲ್ ಟೂರ್‌ನಲ್ಲಿ ಆಡುವ ಹಕ್ಕು, ಅಷ್ಟೇ. 2022ರಿಂದ ಏಷ್ಯಾ ಕಡೆಯವರಿಗೆ ಬ್ಯಾಂಕಾಕ್‌ನಲ್ಲೂ ಬೇರೆ ಕ್ಯೂ ಸ್ಕೂಲ್ ಶುರುವಾಯಿತು. ನಾನು ಹೋಗಿದ್ದು ಇಂಗ್ಲೆಂಡಿನದಕ್ಕೆ, ಶೆಫೀಲ್ಡ್‌ನ ಪಾಂಡ್ಸ್ ಫೋರ್ಜ್‌ಗೆ. 1977ರಿಂದ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿರುವ ಕ್ರೂಸಿಬಲ್ ಥಿಯೇಟರ್ ಅಲ್ಲಿಂದ ನಡೆದುಕೊಂಡು ಹೋಗುವಷ್ಟು ಹತ್ತಿರ. ಬೇಕಂತಲೇ ಅಲ್ಲೇ ಇಟ್ಟರೇನೋ ಅನಿಸುತ್ತದೆ!

ಅಭ್ಯಾಸದ ವಿಷಯಕ್ಕೆ ಬರೋಣ. ಮೊದಲು ಮಾಡಿದ್ದು, ನಾನು ಅಭ್ಯಾಸ ಮಾಡುವ ಟೇಬಲ್‌ನ ಪಾಕೆಟ್ ಬಿಗಿ ಮಾಡಿಸಿದ್ದು. ಕ್ಲಬ್ ಪಾಕೆಟ್ ಉದಾರಿ. ಕುಶನ್ (ಟೇಬಲ್‌ನ ರಬ್ಬರ್ ಅಂಚು) ಪಕ್ಕದ ಚೆಂಡು ಪಾಕೆಟ್‌ನ ದವಡೆಗೆ ತಾಗಿದರೂ ಒಳಗೆ ಬೀಳುತ್ತದೆ. ಟೂರ್ನಿ ಟೇಬಲ್‌ನಲ್ಲಿ ಅದೇ ಚೆಂಡು ಎರಡು ಸಲ ಕುಣಿದು ಪಾಕೆಟ್ ಬಾಯಲ್ಲೇ ನಿಲ್ಲುತ್ತದೆ, ಎದುರಾಳಿ ನಗುತ್ತಾ ಎದ್ದು ಬರುತ್ತಾರೆ.

ಎರಡನೆಯದು, ಒಬ್ಬನೇ ನಿಂತು ಸುಮ್ನೆ ಬ್ರೇಕ್ ಹೊಡೆಯುವುದನ್ನು ಕಮ್ಮಿ ಮಾಡಿದೆ. ಕೆಂಪು ಚೆಂಡುಗಳನ್ನು ಚೆನ್ನಾಗಿ ಹರಡಿಕೊಂಡು, ಬ್ಲ್ಯಾಕ್ ಅದರ ಜಾಗದಲ್ಲೇ ಇಟ್ಟುಕೊಂಡು ಆಡಿದರೆ ಯಾರಿಗೆ ಖುಷಿಯಾಗಲ್ಲ ಹೇಳಿ? ಆದರೆ ಮ್ಯಾಚ್‌ನಲ್ಲಿ ಅಂಥ ಟೇಬಲ್ ಯಾರೂ ಕೊಡುವುದಿಲ್ಲ. ಹಾಗಾಗಿ ಜೊತೆಗಾರನೊಂದಿಗೆ ಬರೀ ಅರ್ಧ ಫ್ರೇಮ್ ಆಡಲು ಶುರುಮಾಡಿದೆ. 4 ಕೆಂಪು ಮಾತ್ರ ಉಳಿದಿವೆ, ಅದರಲ್ಲಿ ಎರಡು ಕುಶನ್‌ಗೆ ಅಂಟಿಕೊಂಡಿವೆ, ನಾನು 30 ಅಂಕ ಹಿಂದೆ. ಟೇಬಲ್ ಮೇಲೆ ಇನ್ನು ಸಿಗಬಹುದಾದ ಅಂಕ ಹೆಚ್ಚೆಂದರೆ 59. ಅಲ್ಲಿಂದ ಗೆಲ್ಲಬೇಕು. ಆಮೇಲೆ ಅದೇ ಸ್ಥಿತಿಯನ್ನು ತಿರುಗಿಸಿ, ನಾನು 30 ಮುಂದೆ ಇದ್ದಾಗ ಫ್ರೇಮ್ ಬಿಟ್ಟುಕೊಡದೆ ಮುಗಿಸುವುದು. ನನಗೆ ಎರಡನೆಯದೇ ಜಾಸ್ತಿ ಕಷ್ಟವಾಯಿತು.

ಟೇಬಲ್‌ನ ವೇಗದ ಬಗ್ಗೆ ಎಷ್ಟು ಹೇಳಿದರೂ ಸಾಲದು. ಟೂರ್ನಿ ಟೇಬಲ್‌ಗೆ ಹೊಸ ಬಟ್ಟೆ ಇರುತ್ತದೆ, ಸ್ಲೇಟ್ ಕೆಳಗೆ ಹೀಟರ್ ಇರುತ್ತದೆ, ಹಾಗಾಗಿ ಬಟ್ಟೆಗೆ ತೇವ ಹಿಡಿಯುವುದಿಲ್ಲ. ಹಳೇ ಬಟ್ಟೆಯ ಮೇಲೆ ಕೆಂಪನ್ನು ತೆಳ್ಳಗೆ ಸವರಿ ಬಿಳಿ ಚೆಂಡನ್ನು ಬಾಕ್ (ಆಟ ಶುರುಮಾಡುವ ತುದಿ) ಕುಶನ್‌ವರೆಗೆ ತರಲು ಬಳಸುವ ಹೊಡೆತವನ್ನೇ ಅಲ್ಲಿ ಹೊಡೆದರೆ, ಬಿಳಿ ಕುಶನ್‌ಗೆ ಬಡಿದು ಅಡಿಗಟ್ಟಲೆ ವಾಪಸ್ ಬಂದು ಎದುರಾಳಿಗೆ ಒಳ್ಳೇ ಜಾಗದಲ್ಲಿ ನಿಲ್ಲುತ್ತದೆ. ಸೈಡ್ (ಬಿಳಿಗೆ ಪಕ್ಕದ ತಿರುಗು) ಹಾಕಿ ಹೊಡೆದರೂ ಅಷ್ಟೇ, ಕುಶನ್‌ನಿಂದ ಏಳುವ ಕೋನವೇ ಬೇರೆ. ಅದಕ್ಕೆ ಪ್ರಾಕ್ಟೀಸ್ ಟೇಬಲ್ ಸಿಕ್ಕಾಗ ನಾನು ಒಂದೂ ಚೆಂಡು ಪಾಟ್ ಮಾಡುತ್ತಿರಲಿಲ್ಲ, ಅಂದರೆ ಪಾಕೆಟ್‌ಗೆ ಹಾಕುತ್ತಿರಲಿಲ್ಲ. ಬರೀ ಬಿಳಿಯನ್ನು ಆ ತುದಿಗೆ ಕಳಿಸಿ ವಾಪಸ್ ಕರೆಸುವುದು, ಅಷ್ಟೇ. ಪಕ್ಕದವರು ವಿಚಿತ್ರವಾಗಿ ನೋಡಿದರು. ನೋಡಲಿ ಬಿಡಿ.

ಅಲ್ಲಿ ಎದುರಾಗುವವರು ಎರಡು ಥರ. ಟೂರ್‌ನಿಂದ ಕೆಳಗೆ ಬಿದ್ದು ಮತ್ತೆ ಹತ್ತಲು ಬಂದ ಹಳಬರು, ಮತ್ತೆ ಏನೇ ಕೊಟ್ಟರೂ ಪಾಟ್ ಮಾಡುವ ಹದಿಹರೆಯದ ಹುಡುಗರು. ನನಗೆ ಹಳಬರ ಭಯವೇ ಜಾಸ್ತಿ.

ಅಂಥ ಒಬ್ಬರ ಜೊತೆ 3–3 ಆಯಿತು. ಕೊನೇ ಫ್ರೇಮ್‌ನಲ್ಲಿ ಬಣ್ಣದ ಆರು ಚೆಂಡುಗಳಷ್ಟೇ ಉಳಿದಿದ್ದವು, ನಾನು 11 ಅಂಕ ಮುಂದೆ. ಯೆಲ್ಲೋ ಪಕ್ಕದ ಕುಶನ್‌ಗೆ ಅಂಟಿಕೊಂಡಿತ್ತು. ಡಬಲ್ (ಚೆಂಡನ್ನು ಕುಶನ್‌ಗೆ ಬಡಿಸಿ ಎದುರಿನ ಪಾಕೆಟ್‌ಗೆ ಹಾಕುವುದು) ಹೊಡೆಯಬಹುದಿತ್ತು, ಕೈ ತುರಿಸುತ್ತಿತ್ತು ಕೂಡ. ಹೊಡೆಯಲಿಲ್ಲ. ಯೆಲ್ಲೋವನ್ನು ಮೆಲ್ಲಗೆ ಸವರಿ ಬಿಳಿಯನ್ನು ಟೇಬಲ್‌ನ ಆ ತುದಿಗೆ, ಬ್ಲ್ಯಾಕ್ ಹಿಂದಕ್ಕೆ ಕಳಿಸಿದೆ. ಅವರು ಬಿಳಿಯನ್ನು ಕುಶನ್‌ಗೆ ಬಡಿಸಿ ಯೆಲ್ಲೋಗೆ ತಾಗಿಸಿದರು. ಬಹಳ ಒಳ್ಳೇ ಹೊಡೆತವೇ. ಆದರೆ ಯೆಲ್ಲೋ ಕುಶನ್ ಬಿಟ್ಟು ಬಾಕ್ ಪಾಕೆಟ್ ಕಡೆ ಉರುಳಿತು. ಯೆಲ್ಲೋ, ಗ್ರೀನ್, ಬ್ರೌನ್ ಮೂರನ್ನೂ ನಾನು ಪಾಟ್ ಮಾಡಿದೆ. ಈಗ 20 ಮುಂದೆ, ಟೇಬಲ್ ಮೇಲೆ 18. ಅವರು ಸ್ನೂಕರ್‌ಗಾಗಿ, ಅಂದರೆ ನಾನು ಹೊಡೆಯಬೇಕಾದ ಚೆಂಡನ್ನು ಮರೆಮಾಡಿ ನನ್ನಿಂದ ಫೌಲ್ ಮಾಡಿಸಲು, ಸ್ವಲ್ಪ ಹೊತ್ತು ಆಡಿ, ಆಮೇಲೆ ಬಂದು ಕೈಕುಲುಕಿದರು.

ಇನ್ನೊಂದು ವಿಷಯ ಹೋಗುವವರಿಗೆ ಗೊತ್ತಿರಬೇಕು. ಕಾರ್ಡ್ ಸಿಗದವರನ್ನು ಆರ್ಡರ್ ಆಫ್ ಮೆರಿಟ್ ಅನ್ನುವ ಪಟ್ಟಿಯಲ್ಲಿ ಸೇರಿಸುತ್ತಾರೆ, ಅದು ನಿಂತಿರುವುದು ಗೆದ್ದ ಫ್ರೇಮ್‌ಗಳ ಲೆಕ್ಕದ ಮೇಲೆ. ಟೂರ್‌ನ ಕೆಲವು ಪಂದ್ಯಾವಳಿಗಳಲ್ಲಿ ಜಾಗ ಖಾಲಿ ಉಳಿದರೆ ಆ ಪಟ್ಟಿಯ ಮೇಲಿನವರನ್ನು ಕರೆಯುತ್ತಾರೆ. ಅಂದರೆ 0–3 ಆದ ಮೇಲೂ ಫ್ರೇಮ್‌ಗೆ ಬೆಲೆ ಇದೆ. ನಾನು ಹೊರಬಿದ್ದ ಮ್ಯಾಚ್‌ನಲ್ಲಿ 0–3ರಿಂದ ಎರಡು ಫ್ರೇಮ್ ವಾಪಸ್ ಗೆದ್ದೆ. 2–4ರಲ್ಲಿ ಸೋತೆ, ಆ ಎರಡು ಪಟ್ಟಿಗೆ ಸೇರಿದವು.

ಕಾರ್ಡ್ ಸಿಗಲಿಲ್ಲ. ಮುಂದಿನ ಸಲ ಮತ್ತೆ ಹೋಗುತ್ತೇನೆ. ಅರ್ಧ ಫ್ರೇಮ್ ಅಭ್ಯಾಸ ಹಾಗೇ ನಡೆದಿದೆ, ಅದರ ಜೊತೆಗೆ ಈಗ ರೆಸ್ಟ್ (ಕೈಗೆ ಎಟುಕದ ಕಡೆ ಕ್ಯೂಗೆ ಆಧಾರವಾಗುವ ಕೋಲು) ಇಟ್ಟು ಹೊಡೆಯುವುದಕ್ಕೆ ದಿನಾ ಬೇರೆ ಸಮಯ ಕೊಡುತ್ತಿದ್ದೇನೆ. ನನ್ನನ್ನು ಸೋಲಿಸಿದ ಹುಡುಗ ರೆಸ್ಟ್‌ನಲ್ಲಿ ಒಂದೂ ಪಾಟ್ ತಪ್ಪಿಸಲಿಲ್ಲ.