ಕಾರಿನಲ್ಲೊಂದು ಪ್ರಿಂಟರ್, ಪ್ರೇರಿಯಲ್ಲಿ ಏಳು ವರ್ಷ

ಹುಬ್ಬಳ್ಳಿಯ ಗೆಳೆಯ ಫೋನಿನಲ್ಲಿ ನಕ್ಕಿದ್ದ. "ಫೋಟೋ ತೆಗೆದು ಪುಕ್ಕಟೆ ಪ್ರಿಂಟ್ ಹಂಚ್ತೀಯೇನಲೇ? ಜಾತ್ರ್ಯಾಗ ಫೋಟೋ ಹೊಡಿಯೋರೂ ರೊಕ್ಕ ಇಸ್ಕೋತಾರ!" ರಿಜೈನಾದ ಕ್ಯಾಮೆರಾ ಬಳಗದವರು ಅದನ್ನೇ ಸ್ವಲ್ಪ ಮೆತ್ತಗೆ ಹೇಳಿದ್ದರು. ಈ ವರ್ಷ ಅದೇ ಬಳಗದ ಇಬ್ಬರು ಮನೆಗೆ ಬಂದು, ಯಾವ ಪ್ರಿಂಟರ್, ಎಷ್ಟು ವ್ಯಾಟಿನ ಇನ್ವರ್ಟರ್ ಎಂದೆಲ್ಲ ಬರೆದುಕೊಂಡು ಹೋದರು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ನಾನು ನವಲಗುಂದದ ಕಡೆಯವ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ರಿಜೈನಾದಲ್ಲಿ ನೌಕರಿ, ಶನಿವಾರ ಭಾನುವಾರ ಕ್ಯಾಮೆರಾ. ಪ್ರೇರಿ ಅನ್ನುವ ಇಲ್ಲಿನ ಬಯಲು ನನಗೆ ಹೊಸದೆನಿಸಲೇ ಇಲ್ಲ. ಊರಿನ ಸುತ್ತಲಿನ ಮಣ್ಣಿಗೆ 'ಗಂಬೋ' ಅನ್ನುತ್ತಾರೆ. ನಮ್ಮ ಎರಿ ಹೊಲದ ಖಾಸಾ ತಮ್ಮ. ಮಳೆ ಬಿದ್ದರೆ ಬೂಟು ಎತ್ತಲಾಗದಷ್ಟು ಮೆತ್ತಿಕೊಳ್ಳುತ್ತದೆ, ಒಣಗಿದರೆ ಬಿರುಕಿನಲ್ಲಿ ಕೈ ಇಳಿಸಬಹುದು. ಇದೇ ನೆಲದಲ್ಲಿ ಮಸೂರ ಬೆಳೆಯುತ್ತಾರೆ, ಅದು ನಮ್ಮ ದೇಶದ ಅಡುಗೆಮನೆಗೂ ಬರುತ್ತದೆ. 2017ರ ಕೊನೆಗೆ ಭಾರತ ಬಟಾಣಿಗೆ ಶೇ. 50, ಮಸೂರಕ್ಕೆ ಶೇ. 30 ಆಮದು ಸುಂಕ ಹಾಕಿತಲ್ಲ, ಆಗ ಹಳ್ಳಿಯ ಕಾಫಿ ಟೇಬಲ್ಲುಗಳಲ್ಲಿ ಅದಕ್ಕೆ ಉತ್ತರ ಕೊಡಬೇಕಾದವನು ನಾನೇ! ಬೆಳಿಗ್ಗೆ ಮುದುಕ ರೈತರು ಕೂತು ಹರಟುವ ಈ ಕೂಟಕ್ಕೆ ಇಲ್ಲಿ 'ಕಾಫಿ ರೋ' ಅಂತ ಹೆಸರು. ಅಲ್ಲಿ ಕುರ್ಚಿ ಸಿಕ್ಕಿತು, ಆದರೆ ಫೋಟೋ ಸಿಗಲಿಲ್ಲ.

ಮೊದಲ ವರ್ಷ ಎಲ್ಲರ ಹಾಗೆ ನಾನೂ ಮರದ ಎಲಿವೇಟರುಗಳ ಬೆನ್ನು ಹತ್ತಿದ್ದೆ. ರೈಲು ಹಳಿಯ ಪಕ್ಕ ನಿಂತ ಕಾಳಿನ ಗೋಪುರಗಳು ಅವು. 1930ರ ದಶಕದಲ್ಲಿ ಪ್ರೇರಿಯ ಮೂರೂ ಪ್ರಾಂತ್ಯ ಸೇರಿ 5,700ಕ್ಕೂ ಹೆಚ್ಚಿದ್ದವು, ಈಗ ಅಲ್ಲೊಂದು ಇಲ್ಲೊಂದು. ಸೂರ್ಯಾಸ್ತ, ಎಲಿವೇಟರು, ಬಿದ್ದ ಕೊಟ್ಟಿಗೆ. ಹನ್ನೆರಡು ಚಿತ್ರ ಆರಿಸಿ 2019ಕ್ಕೆ ಕ್ಯಾಲೆಂಡರ್ ಮಾಡಿಸಿದೆ. 200 ಪ್ರತಿ, ಒಂದಕ್ಕೆ ಹತ್ತು-ಹನ್ನೊಂದು ಡಾಲರ್ ಬಿತ್ತು. ಮುದ್ರಕರು ಕನೋಲಾ ಎಂಬ ಎಣ್ಣೆಕಾಳಿನ ಹೂವಿನ ಹಳದಿಯನ್ನು ಲಿಂಬೆಕಾಯಿ ಹಸಿರು ಮಾಡಿಟ್ಟರು. ಪ್ರೂಫಿಗೆ ನಾನೇ ಸಹಿ ಹಾಕಿದ್ದೆ, ಬಾಯಿ ಮುಚ್ಚಿಕೊಂಡೆ. ಮಾರಾಟವಾದದ್ದು ಅರವತ್ತು ಚಿಲ್ಲರೆ. ಉಳಿದವು ನೆಲಮಾಳಿಗೆಯಲ್ಲಿ ಉಪ್ಪಿನಕಾಯಿ ಭರಣಿಗೆ ಆಸನವಾಗಿವೆ.

ಆ ಕ್ಯಾಲೆಂಡರ್ ತಿರುವಿ ನೋಡಿದ ಎಂಬತ್ತರ ಅಜ್ಜನೊಬ್ಬ ಕಾಫಿ ಕೆಳಗಿಟ್ಟು ಹೇಳಿದ್ದು: "ಬಿದ್ದಿದ್ದನ್ನೇ ಹುಡುಕಿ ಹುಡುಕಿ ತೆಗೀತೀಯಲ್ಲ, ಸಾಲ ಮಾಡಿ ತಂದ ನನ್ನ ಕಂಬೈನ್ ನಿನಗೆ ಕಾಣಲಿಲ್ವಾ?"

ಕಂಬೈನ್ ಅಂದರೆ ಬೆಳೆ ಕೊಯ್ದು ಒಕ್ಕುವ ಯಂತ್ರ. ಅದನ್ನು ನೋಡಲು ಅವತ್ತೇ ಅವನ ಹಿಂದೆ ಹೋದೆ. ಇಲ್ಲಿ ದಾರಿ ತಪ್ಪುವುದು ಕಷ್ಟ. ನೆಲವನ್ನೆಲ್ಲ ಮೈಲಿಗೊಂದರಂತೆ ಚೌಕ ಕೊಯ್ದಿದ್ದಾರೆ, ಒಂದು ಚೌಕಕ್ಕೆ 640 ಎಕರೆ. ಕಂಬೈನ್ ಮುಂದೆ ಟೋಪಿ ತೆಗೆದು, ಕೂದಲು ನೀವಿಕೊಂಡು, ಮದುಮಗನ ಹಾಗೆ ನಿಂತ. ತೆಗೆದೆ. ಆದರೆ ಕೈಗೆ ಏನು ಕೊಡುವುದು? ಈಮೇಲ್ ಇಲ್ಲದ ಮನುಷ್ಯ.

ಮೊದಲು, ತೆಗೆದ ಕೂಡಲೇ ಫೋಟೋ ಹಾಳೆ ಉಗುಳುವ ಇನ್‌ಸ್ಟಾಕ್ಸ್ ಕ್ಯಾಮೆರಾ ಕೊಂಡೆ. ಹಾಳೆಗೆ ಡಾಲರಿನ ಮೇಲೆ ಖರ್ಚು, ಅಕ್ಟೋಬರಿನ ಚಳಿಗೆ ಮುಖವೆಲ್ಲ ತಿಳಿನೀಲಿ. ನಾಲ್ಕು ಪ್ಯಾಕ್ ದಂಡ. ಆಮೇಲೆ ಒಂದು ಪುಟ್ಟ ಡೈ-ಸಬ್ ಪ್ರಿಂಟರ್, ರಿಬ್ಬನ್ನಿನ ಬಣ್ಣ ಕಾಯಿಸಿ ಒಂದರ ಮೇಲೊಂದು ಹಾಳೆಗೆ ಕೂರಿಸುವಂಥದ್ದು. 108 ಹಾಳೆಯ ಪೆಟ್ಟಿಗೆ ಸುಮಾರು 45 ಡಾಲರ್, ಅಂದರೆ ಪ್ರಿಂಟಿಗೆ ನಲವತ್ತು ಸೆಂಟ್ ಚಿಲ್ಲರೆ. ಮತ್ತೆ ಅಜ್ಜನ ಅಂಗಳಕ್ಕೆ ಹೋಗಿ, ಕಾರಿನ ಬಾನೆಟ್ ಮೇಲಿಟ್ಟು ಒತ್ತಿದೆ. ಹಾಳೆ ಮೊದಲ ಸಲ ಹೊರಬಂತು, ಬರೀ ಹಳದಿ. "ನನ್ನದು ಹಸಿರು ಗಾಡಿ" ಎಂದು ಅಜ್ಜ ಗದರಿದ. ಒಳಗೆ ಹೋಗಿ ಬಂತು, ಕೆಂಪು ಕೂತಿತ್ತು. ಅಜ್ಜನ ಮುಖ ಸಿಂಡರಿಸಿತು. ಮೂರನೆಯ ಸಲ ನೀಲಿ ಬಿದ್ದು ಗಾಡಿ ಹಸಿರಾಯಿತು. ನಾಲ್ಕನೆಯ ಸಲ ಮೇಲಿನ ಲೇಪ. ಅಷ್ಟು ಹೊತ್ತಿಗೆ ಅವನ ಎರಡೂ ಕೈ, ಪ್ರಸಾದಕ್ಕೆ ಒಡ್ಡಿದ ಹಾಗೆ, ಪ್ರಿಂಟರಿನ ಬಾಯಿಗೆ ಬಂದಿದ್ದವು. ಅಲ್ಲಿಂದ ಅಡುಗೆಮನೆಗೆ ಕರೆದ, ಹೆಂಡತಿ ಪೆರೋಗಿ ಎಂಬ ಕಡುಬು ಬೇಯಿಸುತ್ತಿದ್ದಳು. ನನಗೆ ನಿಜವಾಗಿ ಬೇಕಿದ್ದ ಫೋಟೋ, ಕಿಟಕಿ ಬೆಳಕಿನಲ್ಲಿ ಹಿಟ್ಟು ಮೆತ್ತಿದ ಆಕೆಯ ಕೈ, ಅಲ್ಲಿ ಸಿಕ್ಕಿತು.

ಇದೇ ನನ್ನ ಪದ್ಧತಿ. ಅವರಿಗೆ ಹೆಮ್ಮೆ ಇರುವುದನ್ನು ಮೊದಲು ತೆಗೆ, ಅಲ್ಲೇ ಪ್ರಿಂಟ್ ಕೊಡು, ನಿನ್ನ ಚಿತ್ರ ಆಮೇಲೆ. ಕೊರಿನ್, ವಿಲ್‌ಕಾಕ್ಸ್, ರೂಲೋ ಕಡೆಯ ಒಂದೇ ರಸ್ತೆ, ವಾರಕ್ಕೊಮ್ಮೆ. ಇಲ್ಲಿನ ಯಾವುದೇ ಹಳ್ಳಿಗೆ ಹೋದಾಗ ಮೊದಲ ಪ್ರಿಂಟ್ ಯಾರ ಕೈಗೆ ಹೋಗಬೇಕು ಅನ್ನುವುದೊಂದಿದೆ, ಅದನ್ನು ಹೇಳುವುದಿಲ್ಲ. ಶರತ್ಕಾಲದಲ್ಲಿ ಊರವರೆಲ್ಲ ಕೂಡಿ ಉಣ್ಣುವ ಫೌಲ್ ಸಪ್ಪರ್‌ಗಳಲ್ಲಿ ಊಟದ ಹಾಲ್ ಬಿಟ್ಟು ಅಡುಗೆಯ ಹೆಂಗಸರ ನಡುವೆ ನಿಲ್ಲುವುದು ಹೇಗೆ ಅನ್ನುವುದೂ ನನ್ನಲ್ಲೇ ಇರಲಿ.

ಚಳಿಗಾಲ ಬೇರೆಯೇ ಪಾಠ. ಮೈನಸ್ ಮೂವತ್ತರಲ್ಲಿ ಬ್ಯಾಟರಿ ಅಂಗಿಯ ಒಳಗೆ, ಮೈಗೆ ತಾಗಿಕೊಂಡಿರಬೇಕು. ಕ್ಯಾಮೆರಾವನ್ನು ಹೊರಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ ಆಮೇಲೆ ಒಳಗೆ ತರಬೇಕು. ಮೊದಲ ಸಲ ಹಾಗೇ ಕೆಫೆಗೆ ನುಗ್ಗಿದೆ, ಲೆನ್ಸಿನ ಮೇಲೆ ನೀರು. ಹೊರಬಂದೆ, ಅದೇ ನೀರು ಮಂಜುಗಡ್ಡೆ. ಪ್ರಿಂಟರಂತೂ ಚಳಿಗೆ ಮುನಿಸಿಕೊಳ್ಳುತ್ತದೆ. ಅವ್ವ ಹೊಲಿದು ಕಳಿಸಿದ ಕೌದಿ ಸುತ್ತಿ ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕುತ್ತೇನೆ. ಇಷ್ಟೆಲ್ಲ ಪಾಡಿಗೆ ಬಹುಮಾನವೂ ಇದೆ: ಡಿಸೆಂಬರಿನಲ್ಲಿ ನಡುಹಗಲಿಗೂ ಸೂರ್ಯ 16 ಡಿಗ್ರಿಯಷ್ಟೇ ಏರುವುದು. ಬೆಂಗಳೂರಿನವರು ಬೆಳಿಗ್ಗೆ ಐದಕ್ಕೆದ್ದು ಕಾಯುವ ಬೆಳಕು ಇಲ್ಲಿ ದಿನವಿಡೀ.

ನಡುವೆ ಒಂದು ಹುಚ್ಚು. ಬಿಯರ್ ಡಬ್ಬಿಗೆ ಸೂಜಿತೂತು ಹಾಕಿ, ಒಳಗೆ ಫೋಟೋ ಪೇಪರ್ ಇಟ್ಟು, ಡಿಸೆಂಬರಿನಿಂದ ಜೂನ್‌ವರೆಗೆ ಬೇಲಿಗೂಟಕ್ಕೆ ಕಟ್ಟಿದೆ. ಒಂಬತ್ತರಲ್ಲಿ ಐದನ್ನು ದನಗಳು ಮೈ ತಿಕ್ಕಿ ಬೀಳಿಸಿದವು, ಮೂರಕ್ಕೆ ನೀರು ಹೊಕ್ಕಿತು. ಉಳಿದ ಒಂದರಲ್ಲಿ ಆರು ತಿಂಗಳ ಸೂರ್ಯ ಗೆರೆಗೆರೆಯಾಗಿ ಮೂಡಿದ್ದಾನೆ. ಮತ್ತೆ ಮಾಡಿಲ್ಲ.

2021ರ ನವೆಂಬರಿನಲ್ಲಿ ರೂಲೋದ ಹಳೆಯ ಎಲಿವೇಟರ್ ಸುಟ್ಟುಹೋಯಿತು. ನನ್ನ ಬಳಿ ಅದರ ಸೂರ್ಯಾಸ್ತದ ಚಿತ್ರ ಮೂವತ್ತಾದರೂ ಇದ್ದವು, ಒಬ್ಬರೂ ಕೇಳಲಿಲ್ಲ. ಕೇಳಿದ್ದು ಸೈಕಲ್ ಮೇಲಿನ ಹುಡುಗಿಯೊಬ್ಬಳ ಚಿತ್ರ. ಅದರಲ್ಲಿ ಎಲಿವೇಟರ್ ಹಿಂದೆಲ್ಲೋ ಬೆರಳುದ್ದ ನಿಂತಿದೆ. ಹನ್ನೊಂದು ಪ್ರಿಂಟ್ ಹೋದವು.

ಈಗ ವರ್ಷಕ್ಕೆ ಆರುನೂರು-ಏಳುನೂರು ಪ್ರಿಂಟ್ ಹಂಚುತ್ತೇನೆ, ಮುನ್ನೂರು ಡಾಲರ್ ಖರ್ಚು. ಪೆಟ್ರೋಲ್ ಅದರ ಮೂರು ಪಟ್ಟು. ಆದರೆ ಸುಗ್ಗಿಯಲ್ಲಿ ಹೊಲದಲ್ಲೇ ಮನೆಮಂದಿಯನ್ನೆಲ್ಲ ನಿಲ್ಲಿಸಿ ತೆಗೆಯಲು ಅವರೇ ಕರೆಯುತ್ತಾರೆ, 250–300 ಡಾಲರ್. ಹೋದ ವರ್ಷ ಹದಿನಾಲ್ಕು ಮನೆ. ಹುಬ್ಬಳ್ಳಿಯವನಿಗೆ ಲೆಕ್ಕ ಕಳಿಸಿದೆ, ಬರೀ ಒಂದು ಹೆಬ್ಬೆರಳು ಬಂತು.

ಅಜ್ಜ ಈಗಿಲ್ಲ. ಸೆಪ್ಟೆಂಬರಿನಲ್ಲಿ ಅವನ ಮಗನ ಜೊತೆ ಅದೇ ಕಂಬೈನಿನಲ್ಲಿ ಕೂತಿದ್ದೆ. ಬಿಸಿಲಿಗೆ ಗಾಜಿನ ಮೇಲಿನ ನೆರಳುಪಟ್ಟಿ ಇಳಿಸಿದ, ಅಜ್ಜನ ಆ ಪ್ರಿಂಟ್ ನನ್ನ ತೊಡೆಯ ಮೇಲೆ ಬಿತ್ತು. ಧೂಳು, ಗ್ರೀಸಿನ ಹೆಬ್ಬೆರಳು, ಹಸಿರು ಗಾಡಿ ಮಾಸಿ ಬೂದಿಬಣ್ಣ. "ಇನ್ನೊಂದು ಹೊಡೆದುಕೊಡ್ತೀಯಾ?" ಅಂದ. ರಿಬ್ಬನ್ ಬೆಳಿಗ್ಗೆಯೇ ಮುಗಿದಿತ್ತು. ಅದೊಂದು ಇನ್ನೂ ಬಾಕಿ.