ಅಪ್ಪನ ಕಚೇರಿ, ನನ್ನ ಕಚೇರಿ

ನಾನು ಎಂಜಿನಿಯರಿಂಗ್ ಬಿಟ್ಟಿದ್ದು 2014ರಲ್ಲಿ, ಐದನೇ ಸೆಮಿಸ್ಟರ್ ಅರ್ಧ ಆಗಿದ್ದಾಗ. ಎರಡು ಸಲ ಬರೆದರೂ ಎಂ-3, ಅಂದರೆ ಮೂರನೇ ಸೆಮಿಸ್ಟರಿನ ಗಣಿತ, ಪಾಸಾಗಿರಲಿಲ್ಲ. ಅದಕ್ಕೇ ಬಿಟ್ಟ ಅಂತ ನೆಂಟರು ಇವತ್ತಿಗೂ ಹೇಳುತ್ತಾರೆ. ಪೂರ್ತಿ ಸುಳ್ಳೇನಲ್ಲ.

ಆದರೆ ಆ ಹೊತ್ತಿಗೆ ವಾರಕ್ಕೆ ನಾಲ್ಕು ದಿನ ಮೃದಂಗ ಹೊತ್ತುಕೊಂಡು ಎಲ್ಲೋ ಒಂದು ಕಡೆ ಹೋಗುತ್ತಲೇ ಇದ್ದೆ. ನಮ್ಮ ವಿಶ್ವವಿದ್ಯಾಲಯ ವಿಟಿಯುನವರಿಗೆ ಶೇ 85 ಹಾಜರಿ ಬೇಕು. ನನ್ನದು 60 ದಾಟಿದರೆ ಹೆಚ್ಚು. ಕಾಲೇಜು ಬಿಡೋದು ಆಗಲೇ ನಡೆದುಹೋಗಿತ್ತು, ಮನೆಯಲ್ಲಿ ಹೇಳೋದಷ್ಟೇ ಬಾಕಿ.

ನಮ್ಮ ಮನೆ ಹನುಮಂತನಗರದಲ್ಲಿ. ಅಪ್ಪ ಆಗ ಅಂಚೆ ಕಚೇರಿಯಲ್ಲಿ ಗುಮಾಸ್ತರು. ಸಂಗೀತ ಅಂದರೆ ಪ್ರಾಣ. ರಾಮನವಮಿ ಬಂತೆಂದರೆ ನನ್ನನ್ನು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. 1939ರಲ್ಲಿ ಶುರುವಾದ ಶ್ರೀರಾಮಸೇವಾ ಮಂಡಳಿಯ ಸಂಗೀತ ಕಚೇರಿಗಳು ಅಲ್ಲಿ ನಡೆಯುತ್ತವೆ. ಟಿಕೆಟ್ ಇಲ್ಲದ ದಿನ ಹೊರಗೆ ಫುಟ್‌ಪಾತ್ ಮೇಲೆ ಕೂತು ಇಬ್ಬರೂ ತೊಡೆ ಮೇಲೆ ತಾಳ ಹಾಕಿದ್ದಿದೆ. ಅಂಥವರೂ ನಾನು ವಿಷಯ ಎತ್ತಿದಾಗ ಹೇಳಿದ್ದು ಇಷ್ಟು: "ನೀನೂ ಕಚೇರಿ ಅಂತೀಯ, ನಾನೂ ಕಚೇರಿ ಅಂತೀನಿ. ನನ್ನ ಕಚೇರಿ ತಿಂಗಳಾದರೆ ಸಂಬಳ ಕೊಡತ್ತೆ. ನಿನ್ನದು ಏನು ಕೊಡತ್ತೆ ಅಂತ ಬರೆದು ತೋರಿಸು. ಆಮೇಲೆ ಮಾತಾಡೋಣ."

ಅಮ್ಮ ಅತ್ತರು. ಅಪ್ಪ ಒಂದು ಉದ್ದ ನೋಟ್‌ಬುಕ್ ತಂದುಕೊಟ್ಟರು.

ಒಂದು ವರ್ಷ ಬರೆದೆ. ತಾರೀಖು, ಜಾಗ, ಕವರ್‌ನಲ್ಲಿ ಎಷ್ಟಿತ್ತು, ಖರ್ಚು ಎಷ್ಟಾಯಿತು. ಕಾಲೇಜು ಬಿಡುವ ಯೋಚನೆ ಇರುವವರು ಯಾರಾದರೂ ನನ್ನ ಹತ್ತಿರ ಬಂದರೆ ಮೊದಲು ಇದನ್ನೇ ಮಾಡಿಸುತ್ತೇನೆ. ಬರೆಯದಿದ್ದರೆ ಚಪ್ಪಾಳೆ ಮಾತ್ರ ನೆನಪಿರುತ್ತದೆ, ಆಟೋ ಬಾಡಿಗೆ ಮರೆತುಹೋಗುತ್ತದೆ.

ಆ ವರ್ಷ 23 ಕಚೇರಿ ನುಡಿಸಿದ್ದೆ. ಒಟ್ಟು ಸಿಕ್ಕಿದ್ದು 9 ಸಾವಿರ. ರಾಮನವಮಿಯಲ್ಲಿ ಬಡಾವಣೆ ದೇವಸ್ಥಾನಗಳಲ್ಲಿ ಕೋಸಂಬರಿ, ಪಾನಕ, ಒಂದು ತೆಂಗಿನಕಾಯಿ, ಮೇಲೆ ಇನ್ನೂರು ರೂಪಾಯಿ. ಮನೆಪಾಠದ ಐದು ಹುಡುಗರಿಂದ 36 ಸಾವಿರ. ಉಳಿದ 45 ಸಾವಿರ ಬಂದಿದ್ದು ಭರತನಾಟ್ಯದಿಂದ. ಆರು ರಂಗಪ್ರವೇಶ. ಒಂದೊಂದಕ್ಕೂ ಏಳು ರಿಹರ್ಸಲ್, ರಿಹರ್ಸಲ್‌ಗೆ ಐನೂರು, ಕಾರ್ಯಕ್ರಮಕ್ಕೆ ನಾಲ್ಕು ಸಾವಿರ.

ಆ ಲೆಕ್ಕ ನೋಡಿ ನನಗೇ ಗಾಬರಿಯಾಯಿತು. ನಾನು ಅಂದುಕೊಂಡಿದ್ದ ಸಂಗೀತಗಾರ ಬೇರೆ, ಪುಸ್ತಕದಲ್ಲಿದ್ದ ಸಂಗೀತಗಾರನೇ ಬೇರೆ.

ಡ್ಯಾನ್ಸಿಗೆ ನುಡಿಸಿದರೆ ಕೈ ಕೆಡತ್ತೆ ಅಂತ ನಮ್ಮವರಲ್ಲಿ ಒಂದು ಮಾತಿದೆ. ನಮ್ಮ ಮೇಷ್ಟ್ರೂ ಅದನ್ನೇ ಹೇಳಿದರು. ಕಚೇರಿಯಲ್ಲಿ ಹಾಡುವವರ ಮುಖ ನೋಡಿಕೊಂಡು ನುಡಿಸುತ್ತೇವೆ, ಹಾಡು ನಿಲ್ಲಿಸಿ ನಮಗೇ ಬಿಟ್ಟುಕೊಡುವ ತನಿ ಆವರ್ತನದಲ್ಲಿ ಮನಸ್ಸಿಗೆ ಬಂದ ಕಡೆ ಹೋಗಬಹುದು. ನೃತ್ಯದಲ್ಲಿ ಕಣ್ಣು ಪೂರ್ತಿ ಪಾದದ ಮೇಲೆ. ನಟುವಾಂಗ ಮಾಡುವವರು, ಅಂದರೆ ತಾಳ ಹಿಡಿದು ನೃತ್ಯ ನಡೆಸುವವರು, ಹೇಳಿದ ಜತಿಗೆ, ಆ ಸೊಲ್ಲುಗಳ ಸಾಲಿಗೆ, ಅಕ್ಷರ ತಪ್ಪದಂತೆ ನುಡಿಸಬೇಕು. ವರ್ಣ ಅನ್ನೋ ಉದ್ದದ ನೃತ್ಯಭಾಗದ ಒಂದೇ ಜತಿಯನ್ನು ರಾಜಾಜಿನಗರದ ಯಾವುದೋ ಮನೆ ಗ್ಯಾರೇಜಿನಲ್ಲಿ ಇಪ್ಪತ್ತು ಸಲ ನುಡಿಸಿದ್ದೇನೆ. ಮಗುವಿಗೆ ಸುಸ್ತು, ಅದರ ತಾಯಿ ಕಾಫಿ ಹಿಡಿದು ಬಾಗಿಲಲ್ಲಿ, ನನ್ನ ಬೆರಳು ಉರಿ. ಕೈ ಕೆಟ್ಟಿತಾ? ನನ್ನ ಅನುಭವದಲ್ಲಿ ಇಲ್ಲ. ಲಯ ಗಟ್ಟಿಯಾಯಿತು. ಕೆಟ್ಟಿದ್ದು ಸಾಧಕ, ಅಂದರೆ ದಿನದ ಅಭ್ಯಾಸ. ಬೆಳಿಗ್ಗೆ ಐದಕ್ಕೆ ಎದ್ದು ಎರಡು ಗಂಟೆ ಕೂರುತ್ತಿದ್ದವನು ರಿಹರ್ಸಲ್ ಆಯಿತಲ್ಲ ಅಂತ ಮಲಗತೊಡಗಿದೆ. ಅದನ್ನು ಸರಿಮಾಡಿಕೊಳ್ಳಲು ಎರಡು ವರ್ಷ ಬೇಕಾಯಿತು.

ಖರ್ಚಿನ ಕಡೆ 22 ಸಾವಿರ. ಶ್ರುತಿಯ ಎತ್ತರವನ್ನು ನಾವು ಕಟ್ಟೆಯಲ್ಲಿ ಅಳೆಯುತ್ತೇವೆ. ಗಂಡಸರು ಸಾಮಾನ್ಯವಾಗಿ ಒಂದು ಕಟ್ಟೆ ಆಸುಪಾಸು ಹಾಡುತ್ತಾರೆ, ಹೆಂಗಸರು ಐದರ ಮೇಲೆ. ಒಂದೇ ಮೃದಂಗ ಎರಡಕ್ಕೂ ಆಗುವುದಿಲ್ಲ. ಹಾಗಾಗಿ ಎರಡಾದರೂ ಇರಲೇಬೇಕು. ಬಲದ ಮುಚ್ಚಿಗೆ, ಅಂದರೆ ಬಾಯಿಗೆ ಬಿಗಿದ ಚರ್ಮ, ಸವೆದಾಗ ಬದಲಾಯಿಸಬೇಕು, ಮಳೆಗಾಲದಲ್ಲಿ ಶ್ರುತಿ ನಿಲ್ಲುವುದಿಲ್ಲ, ವಾದ್ಯದ ಅಂಗಡಿಗಳಿರುವ ಬಳೇಪೇಟೆಗೆ ಓಡಾಟ ತಪ್ಪುವುದಿಲ್ಲ. ಹಲಸಿನ ಮರದ ಅಷ್ಟು ಭಾರದ ವಾದ್ಯವನ್ನು ಬಿಎಂಟಿಸಿ ಬಸ್ಸಿನಲ್ಲಿ ಸಂಜೆ ಆರಕ್ಕೆ ಹತ್ತಿಸಿ ನೋಡಿ, ಆಟೋ ಖರ್ಚು ಯಾಕೆ ಬಂತು ಅಂತ ಗೊತ್ತಾಗುತ್ತದೆ.

ಕಳೆದು ಉಳಿದಿದ್ದು 68 ಸಾವಿರ. ಅಪ್ಪ ಹನ್ನೆರಡರಿಂದ ಭಾಗಿಸಿದರು. ತಿಂಗಳಿಗೆ ಐದೂಮುಕ್ಕಾಲು ಸಾವಿರವೂ ಇಲ್ಲ. "ಊಟ, ಮನೆ ನಮ್ಮದು. ಎರಡು ವರ್ಷದಲ್ಲಿ ಇದು ಎರಡರಷ್ಟು ಆಗಬೇಕು. ಆಗಲಿಲ್ಲ ಅಂದ್ರೆ ಮತ್ತೆ ಓದು" ಅಂದರು. ಒಪ್ಪಿದೆ.

ಕಾಲೇಜಿನವರು ಸುಲಭಕ್ಕೆ ಬಿಡಲಿಲ್ಲ. ಉಳಿದ ವರ್ಷಗಳ ಫೀಸ್ ಕಟ್ಟಿದರೆ ಮಾತ್ರ ಟಿಸಿ, ಮಾರ್ಕ್ಸ್ ಕಾರ್ಡ್ ಅಂದರು. ಒರಿಜಿನಲ್ ಪತ್ರಗಳನ್ನು ಹಾಗೆ ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ನಿಯಮವಿದೆ. ಅಪ್ಪ ಅದನ್ನು ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡಿದರು, ಅವರದೇ ಇಲಾಖೆ ಬೇರೆ. ಎರಡು ತಿಂಗಳಿಗೆ ಪತ್ರಗಳು ಬಂದವು. ಆಮೇಲೆ ದೂರಶಿಕ್ಷಣದ ಇಗ್ನೋದಲ್ಲಿ ಬಿ.ಎ. ಮುಗಿಸಿಕೊಂಡೆ. ಇಷ್ಟು ವರ್ಷದಲ್ಲಿ ಡಿಗ್ರಿ ಇದೆಯಾ ಅಂತ ಕೇಳಿದವರು ಇಬ್ಬರೇ. ಪಾಠಕ್ಕೆ ಕರೆದ ಒಂದು ಶಾಲೆಯವರು, ಮತ್ತು ನನ್ನ ಮಾವ.

2016ರ ಕೊನೆಗೆ ಅಪ್ಪನ ಎರಡರಷ್ಟು ಆಗಿತ್ತು, ಕೂದಲೆಳೆಯಲ್ಲಿ. ಆಷಾಢದಲ್ಲಿ ಕೈ ಖಾಲಿ ಅಂತ ಗೊತ್ತಾದ ಮೇಲೆ ಮೇ ತಿಂಗಳ ದುಡ್ಡು ಮುಟ್ಟದೆ ಇಡುವುದನ್ನು ಕಲಿತೆ. 2018ರಲ್ಲಿ ವಿ.ವಿ. ಪುರಂನ ಗಾಯನ ಸಮಾಜದಲ್ಲಿ ಮೊದಲ ಸಲ ನುಡಿಸಿದೆ. ಅಪ್ಪ ಮೂರನೇ ಸಾಲಿನಲ್ಲಿ ಕೂತು ನನಗಿಂತ ಜೋರಾಗಿ ತಾಳ ಹಾಕಿದರು.

2020ರ ಮಾರ್ಚ್‌ನಲ್ಲಿ ಎಲ್ಲ ನಿಂತಿತು. ಉಳಿದಿದ್ದು ಪಾಠ ಒಂದೇ, ಅದೂ ಫೋನಿನಲ್ಲಿ. ನಾನು ಇಲ್ಲಿ ತಾಳ ಹಾಕಿದರೆ ಹುಡುಗನ ನಾದ ತಡವಾಗಿ ಬರುತ್ತದೆ, ಜೊತೆಯಲ್ಲಿ ನುಡಿಸುವುದು ಆಗದ ಮಾತು. ತಾಳ ಅವನೇ ಹೇಳಿಕೊಳ್ಳಬೇಕು, ನಾನು ಸುಮ್ನೆ ಕೇಳಬೇಕು. ಜೂಮ್‌ಗೆ ಮೃದಂಗ ಅಂದರೆ ಗಲಾಟೆ. ಒರಿಜಿನಲ್ ಸೌಂಡ್ ಅನ್ನೋದನ್ನು ಆನ್ ಮಾಡದಿದ್ದರೆ ಎಡದ ಗುಂಕಿಯನ್ನೇ, ಆ ತುಂಬಿದ ತಗ್ಗಿನ ನಾದವನ್ನೇ, ನುಂಗಿಬಿಡುತ್ತದೆ. ಇದು ಗೊತ್ತಾಗಲು ಎರಡು ವಾರ ಹಿಡಿಯಿತು. ಅಷ್ಟರಲ್ಲಿ ಒಬ್ಬ ಹುಡುಗನಿಗೆ ಎಡಗೈ ಬಲ ಸಾಲದು ಅಂತ ಸುಮ್‌ಸುಮ್ನೆ ಬೈದಿದ್ದೆ. ಈಗ ಬೆಳಿಗ್ಗೆ ಆರಕ್ಕೆ ಕ್ಯಾಲಿಫೋರ್ನಿಯಾದ ಮೂವರಿಗೆ ಪಾಠ. ಬೇಸಿಗೆಯಲ್ಲಿ ಅಲ್ಲಿ ಆಗ ಹಿಂದಿನ ದಿನದ ಸಂಜೆ ಐದೂವರೆ.

ಅಪ್ಪ ನಿವೃತ್ತರಾಗಿದ್ದಾರೆ. ಲೆಕ್ಕದ ಪುಸ್ತಕ ಈಗ ಹನ್ನೊಂದನೆಯದು. ತಿಂಗಳ ಕೊನೆಗೆ ಕೆಂಪು ಪೆನ್ನು ಹಿಡಿದು ಅವರೇ ಕೂಡಿಸುತ್ತಾರೆ. ಹೋದ ತಿಂಗಳು ಒಂದು ಸಾಲಿನ ಕೆಳಗೆ ಗೆರೆ ಎಳೆದು ಕರೆದರು. ಎಡದ ಮುಚ್ಚಿಗೆಗೆ ಹಚ್ಚುವ ರವೆಗೆ ನಲವತ್ತು ರೂಪಾಯಿ ಬರೆದಿದ್ದೆ.

"ಯಾಕೋ, ಮನೆ ಡಬ್ಬದಲ್ಲಿ ರವೆ ಇರಲಿಲ್ವಾ?"