ಹಳೆಯ ಕ್ಷೌರಗತ್ತಿ ಕೈಗೆ ಬಂದಾಗ

ಕಾರವಾರದ ಉಪ್ಪುಗಾಳಿಯಲ್ಲಿ ಹಳೆಯ ಮಡಚುವ ಕ್ಷೌರಗತ್ತಿಗಳನ್ನು ಸಂಗ್ರಹಿಸುವವರು ಮೊದಲು ಪರೀಕ್ಷಿಸಬೇಕಾದದ್ದು ಅಲಗಿನ ಹೊಳಪನ್ನಲ್ಲ, ಅಂಚನ್ನು. ಬೆನ್ನಿನ ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ, ಬಿರುಕು ಬಿಟ್ಟ ಅಂಚನ್ನು ಮಾತ್ರ ಕೊಳ್ಳದಿರುವುದೇ ಲೇಸು. ಅಲಗಿನ ಬುಡದಲ್ಲಿ ಕತ್ತಿ ತಯಾರಿಕೆಗೆ ಹೆಸರಾದ ಇಂಗ್ಲೆಂಡಿನ ಷೆಫೀಲ್ಡ್ ಅಥವಾ ಜರ್ಮನಿಯ ಸೋಲಿಂಗೆನ್ ಊರಿನ ಮುದ್ರೆಯ ಜೊತೆಗೆ ದೇಶದ ಹೆಸರೂ ಇದ್ದರೆ, ಅದು ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರನ್ನು ಕಡ್ಡಾಯ ಮಾಡಿದ ಅಮೆರಿಕದ 1890ರ ಸುಂಕ ಕಾಯ್ದೆಯ ನಂತರದ್ದೆಂದು ಸಾಮಾನ್ಯವಾಗಿ ಊಹಿಸಬಹುದು.

ಶಿರಸಿಯ ಮನೆಯೊಂದರ ನಾಗಂದಿಗೆಯಿಂದ ಇಳಿಸಿದ ಕತ್ತಿಯೊಂದನ್ನು ಬಿಚ್ಚಿದಾಗ ಕರ್ಪೂರದ ಘಾಟು ಮೂಗಿಗೆ ಬಡಿಯಿತು. ಹಿಡಿ ಮುಚ್ಚಿದ್ದಷ್ಟೇ ಭಾಗ ಗೆರೆ ಎಳೆದಂತೆ ತುಕ್ಕು ಹಿಡಿದಿತ್ತು. ಕರ್ಪೂರ ಬೆರೆಸಿ ಮಾಡುತ್ತಿದ್ದ ಹಳೆಯ ಬಗೆಯ ಪ್ಲಾಸ್ಟಿಕ್ ಆದ ಸೆಲ್ಯುಲಾಯ್ಡ್‌ನ ಹಿಡಿ ಕೊಳೆಯತೊಡಗಿದಾಗ ಆಮ್ಲದ ಆವಿಯನ್ನು ಬಿಡುವುದರಿಂದ ಹೀಗಾಗುತ್ತದೆ, ಆದ್ದರಿಂದ ಅಂಥ ಕತ್ತಿಯನ್ನು ಉಳಿದವುಗಳೊಡನೆ ಒಂದೇ ಪೆಟ್ಟಿಗೆಯಲ್ಲಿ ಇಡಬಾರದು.

ತುಕ್ಕನ್ನು ಎಣ್ಣೆಯಲ್ಲಿ ಅದ್ದಿದ ನಯವಾದ ಮರಳುಕಾಗದದಿಂದ, ಬೆನ್ನಿನಿಂದ ಅಂಚಿನ ಕಡೆಗೆ, ಕೈಯಿಂದಲೇ ಉಜ್ಜಬೇಕು; ತಿರುಗುವ ಯಂತ್ರದ ಬಿಸಿಗೆ ತೆಳು ಅಂಚಿನ ಹದ ಕೆಡುತ್ತದೆ. ಮಳೆಗಾಲಕ್ಕೆ ಮುನ್ನ ಹೊಲಿಗೆ ಯಂತ್ರದ ಎಣ್ಣೆ ಸವರಿ, ತೇವ ಹೀರುವ ಚರ್ಮದ ಚೀಲದಿಂದ ಹೊರತೆಗೆದಿಡಿ. ತೆಂಗಿನೆಣ್ಣೆ ಕಾಲಕ್ರಮೇಣ ಅಂಟಾಗುತ್ತದೆ, ನಮ್ಮಲ್ಲಿ ಅದು ಎಷ್ಟೇ ಸುಲಭವಾಗಿ ಸಿಕ್ಕರೂ ಬೇಡ.